ಅರ್ಧಕ್ಕೆ ನಿಂತ ಬಾವುಟ

ಕಚೇರಿಯ ಬಾವುಟದ ಕಂಬದ ರಾಟೆಗೆ ಎಣ್ಣೆ ಬೇಕೆಂದು, ಎಲ್ಲರೂ ಬಾವುಟದಣ್ಣ ಎಂದೇ ಕರೆಯುವ ಜವಾನ ಎರಡು ವರ್ಷದಲ್ಲಿ ಐದು ಅರ್ಜಿ ಕೊಟ್ಟಿದ್ದ. ಐದೂ ಕಡತ ಸೇರಿ ಸುಖವಾಗಿ ಮಲಗಿದ್ದವು. ಆರನೆಯದನ್ನು ಬರೆಯುವ ಮೊದಲೇ ರಾಟೆ ಕಚ್ಚಿಕೊಂಡಿತು. ಅದೂ ಅವನ ಸ್ವಂತ ಅಣ್ಣ ತೀರಿಕೊಂಡ ದಿನ.

ಬೆಳಗಾಗುತ್ತಲೇ ಅತ್ತಿಗೆಯ ಫೋನು ಬಂದಿತ್ತು. "ಒಂದೂವರೆಗೆ ಎತ್ತಾರಂತೆ. ಅಷ್ಟರಲ್ಲಿ ಬಂದ್ಬಿಡಪ್ಪಾ."

ರಜೆ ಕೇಳಿದರೆ ಸೂಪರಿಂಟೆಂಡೆಂಟರು, "ಪಾಪ, ಹೋಗ್ಬಾ. ಬಾವುಟ ಒಂದು ಏರಿಸಿ ಹೋಗು, ಐದು ನಿಮಿಷದ ಕೆಲಸ" ಅಂದರು. ಧ್ವಜ ಶಿಷ್ಟಾಚಾರದ ತರಬೇತಿ ಆಗಿದ್ದುದು ಇಡೀ ಕಚೇರಿಯಲ್ಲಿ ಈ ಜವಾನನೊಬ್ಬನಿಗೇ. ಉಳಿದವರಿಗೆ ಬಾವುಟವೆಂದರೆ ಕರೆಂಟು ತಂತಿಯಷ್ಟೇ ಭಯ. ತಲೆಕೆಳಗಾದರೆ ನೌಕರಿಯೂ ತಲೆಕೆಳಗು.

ಏರಿಸುವಾಗ ಚುರುಕು, ಇಳಿಸುವಾಗ ನಿಧಾನ. ಅವನು ನಿಯಮದಂತೆ ಚುರುಕಾಗಿಯೇ ಎಳೆದ. ಬಾವುಟ ಕಂಬದ ಅರ್ಧಕ್ಕೆ ಹೋಗಿ, ಹಟ ಹಿಡಿದ ಕತ್ತೆಯಂತೆ ನಿಂತಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

ಎದುರಿನ ಕ್ಷೌರದಂಗಡಿಯವನು ಗಿರಾಕಿಯ ಒಂದು ಕೆನ್ನೆಯ ನೊರೆಯನ್ನು ಹಾಗೇ ಬಿಟ್ಟು ಓಡಿಬಂದ. "ಯಾರು ಹೋದ್ರಣ್ಣಾ?"

"ನಮ್ಮಣ್ಣ."

"ಅಯ್ಯಯ್ಯೋ! ಯಾವ ಖಾತೇಲಿದ್ರು?"

"ಲಾರೀಲಿ. ಡ್ರೈವರ್."

ಸುದ್ದಿ ಅವನಿಗಿಂತ ಮೊದಲು ಮೆಟ್ಟಿಲು ಹತ್ತಿತು. ಸೂಪರಿಂಟೆಂಡೆಂಟರು ಕೆಂಡವಾಗಿ ಕೆಳಗಿಳಿದರು. "ನಿಮ್ಮನೆ ಸಾವಿಗೆ ಸರ್ಕಾರದ ಬಾವುಟ ಅರ್ಧಕ್ಕಿಳಿಸ್ತೀಯಾ? ಅದೇನು ನಿನ್ನ ಟವೆಲ್ಲಾ?"

"ಇಳಿಸಿಲ್ಲ ಸಾರ್, ಸಿಕ್ಕಾಕ್ಕೊಂಡಿದೆ. ಅರ್ಜಿ ಕೊಟ್ಟಿದ್ದೆ..."

ಅಷ್ಟರಲ್ಲಿ ಸಾಹೇಬರ ಕಾರು ಬಂತು. ಸಾಹೇಬರು ಬಾವುಟ ನೋಡಿದರು, ಇವನನ್ನು ನೋಡಿದರು. "ಅದು ಮೇಲಕ್ಕೆ ಹೋಗೋವರೆಗೂ ಈ ಮನುಷ್ಯ ಗೇಟು ದಾಟಬಾರದು."

ಇಡೀ ಕಚೇರಿ ಅಂಗಳಕ್ಕಿಳಿದು ಸಲಹೆ ಕೊಡತೊಡಗಿತು. ಜಗ್ಗು ಅಂದವರೊಬ್ಬರು, ಸಡಿಲ ಬಿಡು ಅಂದವರೊಬ್ಬರು. ಹಗ್ಗ ಮುಟ್ಟಿದವರು ಮಾತ್ರ ಒಬ್ಬರೂ ಇಲ್ಲ. ಬೋರ್ಡು ಬರೆಯುವವನಿಂದ ತಂದ ಏಣಿ ಕಂಬಕ್ಕೆ ಎರಡಾಳು ಮೋಟಾಯಿತು. ಐವತ್ತಾರು ವರ್ಷದ ಬಾವುಟದಣ್ಣ ಕ್ಷೌರದಂಗಡಿಯ ತಲೆಗೆ ಹಚ್ಚುವ ಎಣ್ಣೆಯ ಶೀಸೆಯನ್ನು ಜೇಬಿಗಿಳಿಸಿ ಏಣಿಯ ತುದಿಯಿಂದ ಕಂಬಕ್ಕೆ ತೆಕ್ಕೆಬಿದ್ದ.

"ಬಾವುಟಕ್ಕೆ ಕಾಲು ತಾಗಿಸ್ಬೇಡ!" ಕೆಳಗಿನಿಂದ ಸೂಪರಿಂಟೆಂಡೆಂಟರು ಕೂಗಿದರು. "ಶಿಷ್ಟಾಚಾರ, ಶಿಷ್ಟಾಚಾರ!"

ಬಾವುಟವಿದ್ದ ಕಡೆ ಅವನು ಒಂದೇ ಕಾಲು ಊರಿ ಹತ್ತಿದ. ಪ್ಯಾಂಟು ಹರಿಯಿತು, ಮಂಡಿ ತರಚಿತು. ಹಗ್ಗಕ್ಕೆ ಗಂಟು ಹಾಕುವುದನ್ನು ಅವನಿಗೆ ಕಲಿಸಿದವನು ಅಣ್ಣನೇ. ಲಾರಿಯ ಸರಕಿನ ಮೇಲೆ ಕೂರಿಸಿಕೊಂಡು. ಅದು ಈಗ ನೆನಪಾಗಿ ಕಣ್ಣು ಮಂಜಾಯಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಎಣ್ಣೆ ಕುಡಿದ ರಾಟೆ ಕೊನೆಗೂ ತಿರುಗಿತು. ಹನ್ನೆರಡೂವರೆಗೆ ಬಾವುಟ ತುದಿ ಮುಟ್ಟಿತು. ಬಸ್ಸಿನಲ್ಲಿ ನಲವತ್ತು ನಿಮಿಷ, ಮುಖವಾದರೂ ಸಿಕ್ಕೀತು. ಅವನು ಕುಂಟುತ್ತ ಗೇಟಿನತ್ತ ಓಡಿದ.

"ಏಯ್, ನಿಲ್ಲೋ!" ಸೂಪರಿಂಟೆಂಡೆಂಟರು ಕಾಗದ ಹಿಡಿದು ಏದುಸಿರು ಬಿಡುತ್ತ ಬಂದರು. "ಮಾಜಿ ಮಂತ್ರಿಗಳು ಹೋಗ್ಬಿಟ್ರಂತೆ, ಬೆಳಿಗ್ಗೆ ಎಂಟೂವರೆಗೆ! ಬಾವುಟ ಅರ್ಧಕ್ಕೆ ಇಳಿಸು!"

ಬಾಲ್ಕನಿಯಿಂದ ಸಾಹೇಬರು ಗುಡುಗಿದರು. "ಬೆಳಿಗ್ಗೆಯಿಂದ ಸರಿಯಾಗೇ ಇತ್ತಲ್ಲಯ್ಯಾ! ಮೇಲಕ್ಕೆ ಏರಿಸು ಅಂದೋರು ಯಾರು?"

ಬಾವುಟದಣ್ಣ ವಾಪಸು ಬಂದು, ನಿಯಮದಂತೆ ನಿಧಾನವಾಗಿ ಇಳಿಸಿ, ಅರ್ಧಕ್ಕೆ ಗಂಟು ಹಾಕಿದ.

ಆದೇಶದ ಎರಡನೇ ಸಾಲಿನಲ್ಲಿ ಶೋಕದ ರಜೆ ಇತ್ತು. ಹತ್ತೇ ನಿಮಿಷದಲ್ಲಿ ಕಚೇರಿ ಶಾಲೆ ಬಿಟ್ಟಂತೆ ಖಾಲಿಯಾಯಿತು. ಇವನೂ ಹೊರಟ.

"ನೀನೆಲ್ಲಿಗೆ?" ಅಂದರು ಸೂಪರಿಂಟೆಂಡೆಂಟರು, ಸ್ಕೂಟರಿನ ಮೇಲಿಂದಲೇ. "ಸೂರ್ಯ ಮುಳುಗೋ ಹೊತ್ತಿಗೆ ಇಳಿಸೋರ್ಯಾರು? ತರಬೇತಿ ಆಗಿರೋದು ನಿಂಗೊಬ್ಬನಿಗೇ ತಾನೆ?"

ಕೊನೆಗೆ ಹೊರಟ ಟೈಪಿಸ್ಟು ಒಂದು ಕಾಗದ ಚಾಚಿದಳು. "ಸೈನ್ ಮಾಡ್ಬಿಡಣ್ಣಾ, ನನ್ನ ಬಸ್ ಹೋಗುತ್ತೆ." ಮೆಮೊ. 'ಶೋಕದ ದಿನದಂದು ಬಾವುಟವನ್ನು ಪೂರ್ತಿ ಏರಿಸಿ ಶೋಕಕ್ಕೆ ಅಗೌರವ ತೋರಿದ್ದೇಕೆ? ಮೂರು ದಿನದೊಳಗೆ ಉತ್ತರಿಸತಕ್ಕದ್ದು.'

ಮೂರೂವರೆಗೆ ಫೋನು ಬಂತು. ಆ ಕಡೆ ಅತ್ತಿಗೆ.

"ಎಲ್ಲಾ ಮುಗೀತಪ್ಪ. ನಿಂಗೋಸ್ಕರ ಅರ್ಧ ಗಂಟೆ ಕಾದ್ವಿ. ಯಾಕೆ ಬರ್ಲಿಲ್ಲ? ಇವತ್ತು ಸರ್ಕಾರಿ ರಜೆ ಅಂತಲ್ಲ, ಊರೆಲ್ಲಾ ಹೇಳ್ತಿದೆ?"

ಬಾವುಟದಣ್ಣ ಖಾಲಿ ಮೆಟ್ಟಿಲುಗಳನ್ನು ನೋಡಿದ.

"ಹೌದತ್ತಿಗೆ," ಅಂದ. "ಎಲ್ರಿಗೂ ರಜೆ. ಅದಕ್ಕೇ ಬರೋಕಾಗ್ಲಿಲ್ಲ."