ಒಂದು ಹನಿಯೂ ಚೆಲ್ಲಬಾರದು

ಮೇಸ್ತ್ರಿ ಹೇಳಿದ್ದು ಒಂದೇ ಮಾತು. "ಕಾಂಕ್ರೀಟಿಗೆ ಹಲಗೆ ಕಟ್ಟೋದು ನಿಮ್ಮಂಥೋರ ಕೈಲಾಗಲ್ಲ ಸ್ವಾಮಿ. ಮುಂದಿನ ವಾರ ನಾನೇ ಬರ್ತೀನಿ."

ಗುಮಾಸ್ತನ ಕಣ್ಣಿಗೆ ಮೆಣಸಿನಪುಡಿ ಎರಚಿದಂತಾಯಿತು. ಹದಿನೆಂಟು ವರ್ಷ ಕಚೇರಿಯಲ್ಲಿ ಕಡತಗಳಿಗೆ ದಾರ ಕಟ್ಟಿದ ಮಹಾಪುರುಷನಿಗೆ ನಾಲ್ಕು ಹಲಗೆ ಕಟ್ಟಲು ಬರುವುದಿಲ್ಲವೇ? "ನೀನು ಬರೋದೇ ಬೇಡ. ಭಾನುವಾರ ನಾನೇ ಕಟ್ಟಿ, ನಾನೇ ಕಾಂಕ್ರೀಟ್ ಹಾಕ್ತೀನಿ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿಬಿಟ್ಟ. ಹೇಳಿದ ಮೇಲೆ ಮಾಡಲೇಬೇಕಾಯಿತು. ಬಾಯಿಗೂ ಕೈಗೂ ಇರುವ ದೂರ ಅವನಿಗೆ ಗೊತ್ತಾದದ್ದು ಆಮೇಲೆ.

ಕೆಲಸ ಇಷ್ಟೇ. ಹಿತ್ತಿಲ ಬಾಗಿಲಾಚೆ ಬಟ್ಟೆ ಒಗೆಯುವಲ್ಲಿ ಒಂದು ಕಾಂಕ್ರೀಟ್ ನೆಲ. ಒಗೆದ ನೀರು ಅತ್ತ ಮೋರಿಗೆ ಹೋಗಬೇಕು, ಇತ್ತ ಅಡುಗೆಮನೆಗೆ ಬರಬಾರದು. ಭಾನುವಾರ ಬೆಳಗ್ಗೆ ತಂಗಿಯ ಮನೆಗೆ ಹೊರಟ ಹೆಂಡತಿ ಚಪ್ಪಲಿ ಮೆಟ್ಟುತ್ತ ಹೇಳಿದಳು: "ರೀ, ಸಂಜೆ ನಾನು ಬರೋ ಹೊತ್ತಿಗೆ ಮುಗಿದಿರ್ಲಿ. ನೀರೇನಾದ್ರೂ ಒಳಗೆ ಬಂತೋ, ಜೀವ ಇರೋವರೆಗೂ ಅಡುಗೆಮನೆ ಒರೆಸೋದು ನೀವೇ."

ಸುತ್ತಿಗೆಯ ಮೊದಲ ಪೆಟ್ಟಿಗೇ ಎಡಮನೆಯ ಟೈಲರ್ ಗೋಡೆ ಹಾರಿ ಬಂದ. ಕೊರಳಲ್ಲಿ ಟೇಪು ನೇತಾಡುತ್ತಿತ್ತು. ಕೇಳುವ ಮೊದಲೇ ಅಳತೆ ತೆಗೆದು ಹಲಗೆಗಳನ್ನು ಕುಯ್ದುಕೊಟ್ಟ. ಕೂಡಿಸಿ ನೋಡಿದರೆ ಒಂದೊಂದೂ ಒಂದಿಂಚು ಹೆಚ್ಚು ಉದ್ದ.

"ಯಾಕಯ್ಯ ಹೀಗೆ?"

"ಹೊಲಿಗೆಗೆ ಬಿಟ್ಟಿದೀನಿ ಸಾರ್. ಮುಂದೆ ಬಿಗಿ ಆದ್ರೆ ಬಿಚ್ಚಿಕೋಬಹುದು."

ಮತ್ತೆ ಕುಯ್ದು, ಗೂಟ ಹೊಡೆದು, ಮೊಳೆಯ ಬದಲು ಎರಡು ಸಲ ಬೆರಳಿಗೇ ಬಡಿದುಕೊಂಡು ಚೌಕಟ್ಟು ನಿಲ್ಲಿಸುವಷ್ಟರಲ್ಲಿ ಬಲಮನೆಯ ನಿವೃತ್ತ ಹೆಡ್ಮೇಷ್ಟ್ರು ಬಂದು ಕೈಕಟ್ಟಿ ನಿಂತರು. ತಪ್ಪು ಹುಡುಕಲು ಕೆಂಪು ಶಾಯಿಯೊಂದೇ ಕಡಿಮೆ.

"ಲೆವೆಲ್ ನೋಡಿದೀಯೇನಯ್ಯ?"

"ಈಗ ನೋಡ್ತೀನಿ ಸಾರ್. ಈ ಪೈಪಿನ ತುದಿ ಹಿಡ್ಕೊಳ್ಳಿ."

ಬಣ್ಣವಿಲ್ಲದ ಉದ್ದನೆಯ ಪೈಪು, ಒಳಗೆ ನೀರು. ಒಂದು ತುದಿ ಮೋರಿಯ ಕಡೆಯ ಹಲಗೆಗೆ, ಇನ್ನೊಂದು ಬಾಗಿಲ ಕಡೆಯ ಹಲಗೆಗೆ. ಎರಡೂ ಕಡೆ ನೀರು ನಿಂತಲ್ಲಿ ಗುರುತು ಹಾಕಿದರೆ ಅದೇ ಲೆವೆಲ್. ಮೇಸ್ತ್ರಿಗಳು ಮಾಡುವುದನ್ನು ಗುಮಾಸ್ತ ದೂರದಿಂದ ನೋಡಿದ್ದ. ದೂರದಿಂದ ನೋಡಿದರೆ ಯಾವ ಕೆಲಸವೂ ಕಷ್ಟವಲ್ಲ.

ಮೇಷ್ಟ್ರು ತುದಿಯನ್ನು ಕೊಂಚ ಇಳಿಸಿದ್ದೇ ತಡ, ನೀರು ಅವರ ಪಂಚೆಯ ಮೇಲೆ ಸುರಿಯಿತು.

"ಏನ್ಸಾರ್ ಇದು, ಮಕ್ಕಳ ಹಾಗೆ. ಒಂದು ಹನಿಯೂ ಚೆಲ್ಲಬಾರದು" ಎಂದು ಗುಮಾಸ್ತ ಗದರಿದ.

ಜೀವಮಾನವಿಡೀ ಬೇರೆಯವರನ್ನು ಗದರಿದ ಮೇಷ್ಟ್ರ ಮುಖ ಸುಟ್ಟ ಬದನೆಕಾಯಿಯಾಯಿತು. ಆದರೆ ಅಲ್ಲಿಂದಾಚೆಗೆ ನೀರು ಚೆಲ್ಲಲಿಲ್ಲ. ಅಷ್ಟೇ ಅಲ್ಲ, ಕಚೇರಿಯ ಜವಾನನಿಗಿಂತ ವಿಧೇಯವಾಯಿತು. ಹಲಗೆ ಏರಿಸಿದರೂ ಲೆವೆಲ್, ಇಳಿಸಿದರೂ ಲೆವೆಲ್. ಆದರೂ ಇವರಿಗೆ ಸಮಾಧಾನವಿಲ್ಲದೆ ಮೂಲೆಮೂಲೆಯಲ್ಲೂ ಹಿಡಿದು ನೋಡಿ ಮಧ್ಯಾಹ್ನ ಮೂರು ಮಾಡಿದರು.

"ನೋಡಿದ್ರಾ ಸಾರ್, ಎಲ್ಲಿ ಹಿಡಿದ್ರೂ ಸರಿಯಾಗೇ ಇದೆ. ಇದನ್ನೇ ಆ ಮೇಸ್ತ್ರಿ ಬ್ರಹ್ಮವಿದ್ಯೆ ಅಂತಿದ್ದ."

"ನೂರಕ್ಕೆ ನೂರು" ಎಂದರು ಮೇಷ್ಟ್ರು.

ಮೋರಿಯ ಕಡೆ ಹಲಗೆಯನ್ನು ಇಳಿಜಾರಿಗೆಂದು ಒಂದಿಂಚು ತಗ್ಗಿಸಿ, ಜಲ್ಲಿ, ಮರಳು, ಸಿಮೆಂಟು ಕಲಸಿ ಬಾಂಡ್ಲಿ ಬಾಂಡ್ಲಿಯಾಗಿ ಸುರಿದರು. ಒಂದು ಹಲಗೆ ಬಸುರಿಯ ಹೊಟ್ಟೆಯಂತೆ ಉಬ್ಬಿತು. ಟೈಲರ್ ಅದಕ್ಕೆ ಬೆನ್ನು ಕೊಟ್ಟು ಕುಳಿತ. ಐದು ಗಂಟೆಗೆ ನೆಲ ಕನ್ನಡಿಯಾಗಿತ್ತು. ಗುಮಾಸ್ತ ಕರಣೆ ತೊಳೆದು, ಮೇಸ್ತ್ರಿಯ ಮುಖ ಈಗ ಹೇಗಾಗಬಹುದು ಎಂದು ನೆನೆಸಿಕೊಂಡು ಒಬ್ಬನೇ ನಕ್ಕ.

ಆರು ಗಂಟೆಗೆ ಹೆಂಡತಿ ಬಂದಾಗ ಮೂವರೂ ಅಲ್ಲೇ ಇದ್ದರು. ಹಸಿ ಕಾಂಕ್ರೀಟಿನ ಮೇಲೆ ತೆಳ್ಳಗೆ ನೀರೆದ್ದಿತ್ತು. ಅದು ಯಾವ ಅವಸರವೂ ಇಲ್ಲದೆ, ಕರೆದ ನೆಂಟನಂತೆ, ಅಡುಗೆಮನೆಯ ಹೊಸ್ತಿಲ ಕಡೆಗೇ ಬರುತ್ತಿತ್ತು.

ಅವಳು ಬೈಯಲಿಲ್ಲ. ಫೋನ್ ತೆಗೆದು, ಎಲ್ಲರಿಗೂ ಕೇಳುವಂತೆ ಇಟ್ಟು, ಮೇಸ್ತ್ರಿಗೆ ವಿಷಯ ಹೇಳಿದಳು.

"ಪೈಪಿನ ಬಾಯಿಗೆ ಬೆರಳು ಮುಚ್ಚಿದ್ರಾ ಕೇಳಿ ತಾಯಿ" ಎಂದಿತು ಆ ಕಡೆಯ ದನಿ. "ಬಾಯಿ ಬಿಟ್ರೇನೇ ನೀರು ಆಡೋದು. ಮುಚ್ಚಿದ್ರೆ ಇದ್ದಲ್ಲೇ ಇರುತ್ತೆ, ಎಲ್ಲಿ ಹಿಡಿದ್ರೂ ಲೆವೆಲ್ಲೇ."

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಅವರು ಬಲಗೈ ಹೆಬ್ಬೆಟ್ಟು ಎತ್ತಿ ನೋಡಿಕೊಂಡರು. ಅದರ ಮೇಲೆ ಪೈಪಿನ ಬಾಯಿಯಷ್ಟೇ ಅಗಲದ ಕೆಂಪು ಉಂಗುರ ಮೂಡಿತ್ತು. "ಚೆಲ್ಲಬಾರದು ಅಂದಿದ್ದು ನೀನೇ ಅಲ್ವೇನಯ್ಯ."

"ಚೆಲ್ಲಬೇಡಿ ಅಂದ್ರೆ ಮುಚ್ಚಿ ಅಂತಲೇ? ನಲವತ್ತು ವರ್ಷ ಪಾಠ ಹೇಳಿ ಕೊನೆಗೆ ಹೆಬ್ಬೆಟ್ಟೇ ಆದ್ರಲ್ಲ ಸಾರ್" ಎಂದು ಗುಮಾಸ್ತ ಅವರ ಮುಖಕ್ಕೆ ಕೈ ಆಡಿಸುತ್ತ ಕೂಗಾಡಿದ.

ಆಡುತ್ತಿದ್ದ ಆ ಕೈಯನ್ನು ಹೆಂಡತಿ ಹಿಡಿದುಕೊಂಡಳು. "ತಾಳಿ. ಪೈಪಿನ ಈ ಕಡೆ ತುದಿ ಹಿಡಿದಿದ್ದು ಯಾರು?"

"ನಾನೇ. ಯಾಕೆ?"

ಅವಳು ಅವನ ಅಂಗೈಯನ್ನು ಬೆಳಕಿಗೆ ಹೊರಳಿಸಿದಳು. ಟೈಲರ್ ಬಗ್ಗಿ ನೋಡಿದ. ಮೇಷ್ಟ್ರು ಕನ್ನಡಕ ಹಾಕಿಕೊಂಡು ನೋಡಿದರು. ಗುಮಾಸ್ತನ ಹೆಬ್ಬೆಟ್ಟಿನ ಮೇಲೂ ಅದೇ ಅಳತೆಯ ಕೆಂಪು ಉಂಗುರ.

"ಮೇಸ್ತ್ರಿ" ಎಂದಳು ಅವಳು ಫೋನಿಗೆ, "ಎರಡೂ ಕಡೆ ಮುಚ್ಚಿದ್ರಂತೆ."



"ಹಾಗಾದ್ರೆ ಲೆವೆಲ್ಲಲ್ಲಿ ತಪ್ಪೇನಿಲ್ಲ ತಾಯಿ" ಎಂದ ಮೇಸ್ತ್ರಿ. "ಇಬ್ಬರದೂ ಒಂದೇ."