ಒಬ್ಬ ಪರಿಸರಸ್ನೇಹಿ ಗಂಡ

ಹೆಂಡತಿ ಬೇರೊಂದರ ಮೇಲೆ ಮನಸ್ಸಿಟ್ಟಿದ್ದಾಳೆ ಎಂಬುದು ಲಿಫ್ಟ್ ಮೆಕ್ಯಾನಿಕ್ಕಿಗೆ ತಿಳಿದದ್ದು ಒಂದು ಭಾನುವಾರ ಮಧ್ಯಾಹ್ನ, ಬಟ್ಟೆ ಒಣಹಾಕಲು ಹಗ್ಗ ಕಟ್ಟುತ್ತಿದ್ದಾಗ. ಆ 'ಬೇರೊಂದು' ಮನುಷ್ಯನಾಗಿದ್ದರೆ ಹೋಗಿ ನಾಲ್ಕು ಮಾತು ಕೇಳಿ ಬರಬಹುದಿತ್ತು. ಅದು ಸೋಫಾ. ಮರದ ಸೋಫಾ, ಪಕ್ಕದಲ್ಲೊಂದು ಗಿಡ, ಹಿಂದೆ ಬಿಸಿಲು ಬಿದ್ದ ಮಣ್ಣಿನ ಗೋಡೆ. ಎಲ್ಲವೂ ಒಂದು ಮಾಸಪತ್ರಿಕೆಯ ನಡುಪುಟದಲ್ಲಿ.

ಅವಳಿಗೆ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಕೆಲಸ. ಬಂದವರ ಹೆಸರು ಬರೆದುಕೊಂಡು, ಕಣ್ಣಿಗೆ ಹನಿ ಹಾಕಿ, ಗೋಡೆಯ ಮೇಲಿನ ಅಕ್ಷರ ತೋರಿಸಿ "ಈಗ ಕಾಣ್ಸುತ್ತಾ? ಈಗ?" ಎಂದು ಇಡೀ ದಿನ ಕೇಳುತ್ತಿದ್ದಳು. (ಮನೆಗೆ ಬಂದರೆ ಎದುರಿಗೆ ನಿಂತ ಗಂಡನೇ ಅವಳಿಗೆ ಕಾಣಿಸುತ್ತಿರಲಿಲ್ಲ, ಅದು ಬೇರೆ ಮಾತು.) ಕಾಯುವವರು ಓದಿ ಓದಿ ಅಂಚು ಹರಿದ ಪತ್ರಿಕೆಗಳನ್ನು ಅಲ್ಲಿಂದ ತಂದು, ಅಡುಗೆ ಮುಗಿಸಿ, ಕಿಟಕಿಯ ಪಕ್ಕ ಕೂತು ನೋಡುವಳು. 'ಪರಿಸರಸ್ನೇಹಿ ಚೆಲುವಿನ ಮನೆ' ಎಂಬ ಪುಟ ಬಂದರೆ ಮುಗಿಯಿತು. ಹಾಳೆ ಮಗುಚುತ್ತಿದ್ದ ಕೈ ನಿಲ್ಲುತ್ತಿತ್ತು. ಮುಖದ ಬಿಗಿಯೆಲ್ಲ ಸಡಿಲವಾಗಿ, ಕಣ್ಣಿನಲ್ಲಿ ಏನೋ ಒಂದು ತುಂಬಿಕೊಳ್ಳುತ್ತಿತ್ತು.

ಆ ನೋಟದ ಪರಿಚಯ ಮೆಕ್ಯಾನಿಕ್ಕಿಗೆ ಇತ್ತು. ಮದುವೆಯಾದ ಹೊಸದರಲ್ಲಿ ಅದು ಅವನದೇ ಆಗಿತ್ತು. ಅವನು ಗ್ರೀಸು ಮೆತ್ತಿದ ಕೈಯಲ್ಲಿ ಬಾಗಿಲಿಗೆ ಬಂದರೂ ಅವಳು ಹಾಗೆಯೇ ನೋಡುತ್ತಿದ್ದಳು. ಯಾವಾಗ ಕೈತಪ್ಪಿತೋ ಗೊತ್ತಿಲ್ಲ. ಈಗ ಅವನನ್ನು ಅಷ್ಟು ಆಸೆಯಿಂದ ನೋಡುವವರೆಂದರೆ ಎರಡು ಮಹಡಿಗಳ ನಡುವೆ ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಮಾತ್ರ. ಅವರೂ ಬಾಗಿಲು ತೆರೆದ ಕೂಡಲೇ ಮುಖ ತಿರುಗಿಸಿ ಹೋಗುತ್ತಿದ್ದರು.

ಅಷ್ಟರಲ್ಲಿ ಅವಳ ಅಕ್ಕನಿಗೆ ಮಂಡಿಯ ಆಪರೇಷನ್ ಆಯಿತು. ನೋಡಿಕೊಳ್ಳಲು ಅವಳು ರಜೆ ಹಾಕಿ ಹೊರಟಳು. ಮೆಟ್ಟಿಲಿಳಿದು (ಲಿಫ್ಟ್ ಮೆಕ್ಯಾನಿಕ್ಕಿನ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ, ನಗಬೇಡಿ) ಆಟೋ ಹತ್ತಿ ಕೈ ಬೀಸಿದಳು. ಮೇಲೆ ಬಂದರೆ ಮನೆ ಭಣಗುಟ್ಟುತ್ತಿತ್ತು. ಅವನ ತಾಯಿಯ ರೇಡಿಯೋ ಎಂದಿನಂತೆ ಕಿರುಚುತ್ತಿತ್ತು, ಅವನ ಫೋನು ಎಂದಿನಂತೆ ಬಡಿದುಕೊಳ್ಳುತ್ತಿತ್ತು. ಆದರೂ ಭಣಗುಟ್ಟುತ್ತಿತ್ತು. ಕಿಟಕಿಯ ಪಕ್ಕದ ಜಾಗ ನೋಡಿ ನೋಡಿ ಎರಡನೆಯ ಸಂಜೆ ಅವನಿಗೆ ಆ ಮಹಾಸಂಕಲ್ಪ ಹುಟ್ಟಿತು. ಅವಳು ಬರುವಷ್ಟರಲ್ಲಿ ನಡುಪುಟವನ್ನೇ ಮನೆಗೆ ಇಳಿಸಬೇಕು. ಪರಿಸರಸ್ನೇಹಿಯಾದ ಗಂಡ ಪತ್ನೀಸ್ನೇಹಿಯೂ ಆಗಬಾರದೆಂದು ಎಲ್ಲಿ ಬರೆದಿದೆ?

ಮೊದಲು ಪ್ಲಾಸ್ಟಿಕ್ ನಿರ್ಮೂಲನ. ಕುರ್ಚಿಗಳು, ಷೋಕೇಸಿನ ಧೂಳು ಹಿಡಿದ ಗುಲಾಬಿಗಳು, ಹೂವಿನ ಚಿತ್ರದ ಮೇಜುಹಾಸು, ಎಲ್ಲವೂ ಗುಜರಿಯವನ ಗಾಡಿ ಹತ್ತಿದವು. ತಾಯಿ ಮಾತ್ರ ತನ್ನ ಸ್ನಾನದ ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟರು. ತಾಮ್ರದ ಹಂಡೆ ತಂದುಕೊಡುತ್ತೇನೆಂದು ಮಗ ಅಂಗಲಾಚಿದರೂ ಜಗ್ಗಲಿಲ್ಲ. ನಿನ್ನ ಪರಿಸರ ಬಚ್ಚಲುಮನೆಯ ಹೊರಗೇ ಇರಲಿ ಎಂದರು.

ಆಮೇಲೆ ಸೋಫಾ. ಲಿಫ್ಟಿನ ಮೋಟಾರು ಬರುವ ಮರದ ಪೆಟ್ಟಿಗೆಗಳು ಗೋದಾಮಿನಲ್ಲಿ ಬಿದ್ದಿದ್ದವು. ಕೇಳಿ ತಂದು, ಬಿಚ್ಚಿ, ಉಜ್ಜಿ, ಜೋಡಿಸಿದ. ಮರವೇನೋ ಚಂದ ಬಂತು. ಅದರ ಮೇಲೆ ಅಚ್ಚೊತ್ತಿದ್ದ ಅಕ್ಷರಗಳು ಮಾತ್ರ ಎಷ್ಟು ಉಜ್ಜಿದರೂ ಹೋಗಲಿಲ್ಲ. ಒರಗುವ ಹಲಗೆಯ ನಟ್ಟನಡುವೆ 'ಒಡೆಯುವ ವಸ್ತು, ಎಚ್ಚರ' ಎಂದು ಕೆಂಪಗೆ ಉಳಿಯಿತು. ತಾಯಿ ಸರಿಯಾಗಿ ಅದರ ಕೆಳಗೇ ಕೂತು, ಇಷ್ಟು ವರ್ಷಕ್ಕೆ ಈ ಮನೆಯಲ್ಲಿ ಯಾರೋ ಒಬ್ಬರು ನನ್ನ ಬಗ್ಗೆ ನಿಜ ಬರೆದರು ಎಂದರು.

ಪರದೆಗೆ ಗೋಣಿತಾಟು. ತರಕಾರಿ ಮಾರುಕಟ್ಟೆಯಿಂದ ತಂದ ಚೀಲಗಳು ಹಿಂದಿನ ಜನ್ಮದಲ್ಲಿ ಈರುಳ್ಳಿ ಹೊತ್ತಿದ್ದವು. ಒಗೆದ, ಮತ್ತೆ ಒಗೆದ, ಬಿಸಿಲಿಗೆ ಹಾಕಿದ. ಆದರೂ ಪರದೆ ಸರಿಸಿದಾಗಲೆಲ್ಲ ಕಣ್ಣಲ್ಲಿ ನೀರು. ಕಿಟಕಿಯ ಬಳಿ ಕಣ್ಣೊರೆಸಿಕೊಳ್ಳುತ್ತ ನಿಂತ ಮಗನನ್ನು ಕಂಡು ತಾಯಿ, ಹೆಂಡತಿ ಹೋದದ್ದು ಅಕ್ಕನ ಮನೆಗೆ ಕಣೋ, ಇಷ್ಟೊಂದು ಅಳಬಾರದು ಎಂದು ಬುದ್ಧಿ ಹೇಳಿದರು. ಅವನು ಈರುಳ್ಳಿ ಎಂದ. ಆದರೆ ಎಷ್ಟು ಪಾಲು ಈರುಳ್ಳಿಯದು, ಎಷ್ಟು ಪಾಲು ತನ್ನದು ಎಂಬುದು ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ.

ಗೋಡೆಯದು ದೊಡ್ಡ ಕಥೆ. ಫೋನಿನಲ್ಲಿ ನೋಡಿ ಕಲಿತು, ಜೇಡಿಮಣ್ಣಿಗೆ ಒಣಹುಲ್ಲು ಕತ್ತರಿಸಿ ಹಾಕಿ, ಕಾಲಲ್ಲಿ ತುಳಿದು ಹದ ಮಾಡಿ, ಕೈಯಾರೆ ಮೆತ್ತಿದ. ಸಂಸಾರ ಮಣ್ಣುಪಾಲಾಗುವುದು ಎಂದರೆ ಇದೇ ಇರಬೇಕು ಎಂದು ತಾಯಿ ಬಾಗಿಲಲ್ಲೇ ನಿಂತು ನೋಡಿದರು. ಗೋಡೆ ಮಾತ್ರ ಅದ್ಭುತವಾಗಿ ಬಂತು. ಬಿಸಿಲು ಬಿದ್ದಾಗ ಥೇಟ್ ನಡುಪುಟವೇ. ಆದರೆ ಒಣಹುಲ್ಲಿನ ತೆನೆಗಳಲ್ಲಿ ಒಂದಿಷ್ಟು ಕಾಳು ಉಳಿದುಕೊಂಡಿತ್ತು. ವಾರ ಕಳೆಯುವುದರೊಳಗೆ ಗೋಡೆಗೆ ಮೈಯೆಲ್ಲ ಹಸಿರು ಮೊಳಕೆ.

"ಲೋ, ಗೋಡೆ ಕೊಯ್ಲಿಗೆ ಬಂತು," ಎಂದರು ತಾಯಿ.

ಕೀಳಲು ಕೂತವನು ಎರಡು ಮೊಳಕೆ ಕಿತ್ತು ನಿಲ್ಲಿಸಿದ. ಅದೂ ಚೆನ್ನಾಗಿಯೇ ಕಾಣುತ್ತಿತ್ತು.

ದಿನಾ ಸಂಜೆ ಅವಳ ಫೋನು ಬರುತ್ತಿತ್ತು. ಊಟ ಮಾಡಿದಿರಾ, ಅತ್ತೆ ಮಾತ್ರೆ ತಗೊಂಡರಾ ಎಂದು ಕೇಳುವಳು. ಹಿಂದೆ ಅಕ್ಕನ ಮನೆಯ ಮಕ್ಕಳು, ಮೊಮ್ಮಕ್ಕಳು, ನೋಡಲು ಬಂದ ನೆಂಟರು, ಎಲ್ಲರ ಗದ್ದಲ. ಅವನು ಅಕ್ಕನ ಮಂಡಿ ಹೇಗಿದೆ ಎನ್ನುವನು. ಮಂಡಿಯ ವಿಷಯ ಮುಗಿದ ಮೇಲೆ "ಮತ್ತೆ?" ಎಂದು ಅವಳು, "ಮತ್ತೇನಿಲ್ಲ" ಎಂದು ಇವನು. ನೀನಿಲ್ಲದೆ ಹೊತ್ತು ಹೋಗುತ್ತಿಲ್ಲ ಎಂಬುದು ನಾಲಿಗೆಯ ತುದಿಯವರೆಗೆ ಬಂದು, ಅವನು ರಿಪೇರಿ ಮಾಡುವ ಲಿಫ್ಟುಗಳ ಹಾಗೆಯೇ ಅಲ್ಲೇ ನಿಂತುಬಿಡುತ್ತಿತ್ತು. ಇರಲಿ, ಮನೆಯೇ ಹೇಳಲಿ ಎಂದು ಸುಮ್ಮನಾಗುತ್ತಿದ್ದ.

ಅವಳು ಬಂದದ್ದು ಮತ್ತೊಂದು ಭಾನುವಾರ ಮಧ್ಯಾಹ್ನ. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ತಾಯಿಯ ರೇಡಿಯೋವನ್ನು ಬೇಡಿಕೊಂಡು ಆರಿಸಿದ್ದ. ಬ್ಯಾಗು ಹಿಡಿದು ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಬ್ಯಾಗು ಕೈಯಿಂದ ಮೆಲ್ಲಗೆ ಇಳಿಯಿತು. ಮುಖದ ಬಿಗಿ ಸಡಿಲವಾಯಿತು. ಕಣ್ಣಲ್ಲಿ ಅದೇ, ಅದೇ ನೋಟ ತುಂಬಿತು. ಗೋಡೆಯಿಂದ ಪರದೆಗೆ, ಪರದೆಯಿಂದ ಸೋಫಾಕ್ಕೆ ಹೋಯಿತು. ಇನ್ನು ಸ್ವಲ್ಪ ಎಡಕ್ಕೆ ಬಂದರೆ ತಾನೇ ಸಿಗುತ್ತೇನೆಂದು ಅವನು ಉಸಿರು ಹಿಡಿದು ನಿಂತ.

"ಇದೆಲ್ಲಾ ನೀವೇ ಮಾಡಿದ್ರಾ?"

"ಹೂಂ. ಆ ಪುಸ್ತಕದಲ್ಲಿ ದಿನಾ ನೋಡ್ತಿದ್ದೆಯಲ್ಲ, ಅದಕ್ಕೆ."

ಅವಳು ಗೋಡೆಯ ಮೊಳಕೆಗಳನ್ನು ಬೆರಳಿಂದ ಸವರಿದಳು. ಸೋಫಾದ ಮೇಲೆ ಕೂತಳು. ಅವನೂ ಪಕ್ಕದಲ್ಲಿ ಕೂತ. ಪೆಟ್ಟಿಗೆ ಒಮ್ಮೆ ಕಿರ್ರೆಂದಿತು, ಆಮೇಲೆ ಅದೂ ಸಮಾಧಾನ ತಂದುಕೊಂಡಿತು. ಇಬ್ಬರೂ ಹೀಗೆ ಅಕ್ಕಪಕ್ಕ ಸುಮ್ಮನೆ ಕೂತು ಎಷ್ಟು ಕಾಲವಾಗಿತ್ತೋ. ಅವನಿಗೆ ಹೇಳಬೇಕಾದ್ದೆಲ್ಲ ಈಗ ಮೇಲಿನ ಮಹಡಿಗೆ ಬಂದು ಬಾಗಿಲು ತೆರೆಯುವುದರಲ್ಲಿತ್ತು.

"ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬಾರದು," ಎಂದಳು ಅವಳು.

"ಕೇಳು."

"ಆ ಚಿತ್ರಗಳಲ್ಲಿ ಒಂದು ವಿಷಯ ಗಮನಿಸಿದ್ದೀರಾ? ಒಂದು ಮನೆಯಲ್ಲೂ ಜನ ಇರಲ್ಲ."

ಅವನು ಗಮನಿಸಿರಲಿಲ್ಲ.

"ನಾನು ಸೋಫಾ ನೋಡ್ತಿರ್ಲಿಲ್ಲ ರೀ. ಅದರ ಮೇಲೆ ಯಾರೂ ಕೂತಿಲ್ಲ ಅನ್ನೋದನ್ನ ನೋಡ್ತಿದ್ದೆ. ಆಸ್ಪತ್ರೇಲಿ ಬೆಳಗ್ಗಿಂದ ಜನ. ಮನೇಲಿ ಅತ್ತೆ ರೇಡಿಯೋ, ನಿಮ್ಮ ಫೋನು, ನಿಮ್ಮ ಡ್ರಿಲ್ಲು. ಅಕ್ಕನ ಮನೇಲಂತೂ ಕಾಲಿಡೋಕೆ ಜಾಗ ಇರ್ಲಿಲ್ಲ. ಒಂದೇ ಒಂದು ಗಂಟೆ ನಾನೊಬ್ಬಳೇ ಇಂಥ ಕೋಣೇಲಿ ಕೂತಿರ್ಬೇಕು ಅಂತ ಎಷ್ಟು ಆಸೆ ಗೊತ್ತಾ? ನೀವು ಇಷ್ಟು ಚೆನ್ನಾಗಿ ಮಾಡಿಟ್ಟಿದ್ದೀರ." ಅವಳ ದನಿ ಮೆತ್ತಗಾಯಿತು. "ಅತ್ತೇನ ಕರ್ಕೊಂಡು ಸ್ವಲ್ಪ ಹೊರಗೆ ಇರ್ತೀರಾ?"

ಮದುವೆಯಾದ ಮೇಲೆ ಅವಳು ಇಷ್ಟು ಪ್ರೀತಿಯಿಂದ ಏನನ್ನೂ ಕೇಳಿರಲಿಲ್ಲ. ಅವನು ಎದ್ದು ತಾಯಿಯನ್ನು ಕರೆದ.

ಹೀಗೆ ಮನೆ ಕಟ್ಟಿದವನು ಮೆಟ್ಟಿಲ ಮೇಲೆ ಬಂದು ಕೂತ. ತಾಯಿ ಒಂದು ಮೆಟ್ಟಿಲು ಕೆಳಗೆ, ಉಸಿರಿಲ್ಲದ ರೇಡಿಯೋ ಮಡಿಲಲ್ಲಿಟ್ಟುಕೊಂಡು ಕೂತರು. ಬಾಗಿಲು ಒಳಗಿನಿಂದ ಹಗುರವಾಗಿ ಮುಚ್ಚಿತು. ಸ್ವಲ್ಪ ಹೊತ್ತಿಗೆ ಮೇಲಿನ ಮನೆಯ ಮೇಷ್ಟ್ರು ಕೈಯಲ್ಲೊಂದು ಗಿಡದ ಕುಂಡ ಹಿಡಿದು ಇಳಿದು ಬಂದರು. ನಿಮ್ಮ ಮನೆ ಬಹಳ ಚೆನ್ನಾಗಿ ಆಗಿದೆಯಂತೆ, ನಮ್ಮದೊಂದು ಕಾಣಿಕೆ ಇರಲಿ ಎಂದು ಅದನ್ನು ಅವನ ಕೈಗಿತ್ತರು. ಆಮೇಲೆ, ಬೇಡದ ಸಾಮಾನೆಲ್ಲ ಹೊರಗೆ ಹಾಕಿದಿರಂತೆ, ಹೌದೇ ಎಂದು ವಿಚಾರಿಸಿದರು.

"ಹೂಂ, ಮೇಷ್ಟ್ರೇ," ಎಂದರು ತಾಯಿ. "ಇಬ್ಬರು ಉಳ್ಕೊಂಡಿದ್ವಿ. ಇವತ್ತು ನಾವೂ ಬಂದ್ವಿ."

ಮೇಷ್ಟ್ರು ಹೋದರು. ಮೆಕ್ಯಾನಿಕ್ ಕುಂಡವನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಅಪ್ಪಿ ಹಿಡಿದು ಮುಚ್ಚಿದ ಬಾಗಿಲನ್ನೇ ನೋಡುತ್ತ ಕೂತ. ಒಳಗೆ ಸದ್ದೇ ಇರಲಿಲ್ಲ. ಅವಳು ಹೇಗೆ ಕೂತಿದ್ದಾಳೋ, ಕಾಲು ಮೇಲೆ ಮಡಚಿಕೊಂಡಿದ್ದಾಳೋ, ಕಣ್ಣು ಮುಚ್ಚಿದ್ದಾಳೋ ಎಂದು ಅವನ ಮನಸ್ಸು ಒಳಗೇ ಓಡಾಡಿತು.

ಆಗ ಬಾಗಿಲು ತೆರೆಯಿತು. ಅವಳು ಹೊಸ್ತಿಲಲ್ಲಿ ನಿಂತಿದ್ದಳು. ಕೂದಲು ಸಡಿಲವಾಗಿತ್ತು, ಮುಖ ತಿಳಿಯಾಗಿತ್ತು, ಮತ್ತು ಅವಳ ಕಣ್ಣಲ್ಲಿ ಆ ನೋಟವಿತ್ತು. ಈ ಸಲ ಅನುಮಾನವೇ ಇರಲಿಲ್ಲ. ನೇರ ಅವನ ಕಡೆಗೇ ಇತ್ತು. ಅವನು ಎದ್ದು ನಿಂತ.

"ನೀನಿಲ್ದೆ ನನಗೆ..." ಎಂದು ಶುರು ಮಾಡಿದ.

"ಎಷ್ಟು ಚೆನ್ನಾಗಿದೆ ರೀ," ಎಂದಳು ಅವಳು. "ಆ ಮೂಲೆ ಖಾಲಿ ಅನ್ನಿಸ್ತಿತ್ತು. ಕೊಡಿ ಇಲ್ಲಿ."

ಅವನ ಎದೆಯಿಂದ ಕುಂಡವನ್ನು ಜೋಪಾನವಾಗಿ ಬಿಡಿಸಿಕೊಂಡು, ಅದರ ಎಲೆ ಬಾಗಿಲಿಗೆ ತಾಗದಂತೆ ಒಳಗೆ ಒಯ್ದಳು. ಬಾಗಿಲು ಮತ್ತೆ ಮುಚ್ಚಿತು. ಅವನು ಹಿಡಿದ ಕೈ ಹಿಡಿದ ಹಾಗೆಯೇ ಇಟ್ಟುಕೊಂಡು ಅಲ್ಲೇ ನಿಂತಿದ್ದ. ತಾಯಿ ತನ್ನ ಮೆಟ್ಟಿಲಲ್ಲೇ ಪಕ್ಕಕ್ಕೆ ಸರಿದು, ಕೂರಲು ಅವನಿಗೆ ಜಾಗ ಮಾಡಿಕೊಟ್ಟರು.