ನಲವತ್ತೆರಡು ಮೆಟ್ಟಿಲು ಕೆಳಗೆ ನನ್ನ ನೌಕರಿ

ರೈಲು ಬರುವ ಸ್ಟೇಷನ್ನಿನಲ್ಲಿ ಮಾಸ್ತರನಿಗೆ ರೈಲಿನದೊಂದೇ ಕಾಟ. ರೈಲು ಬಾರದ ಸ್ಟೇಷನ್ನಿನಲ್ಲಿ ಜನರ ಕಾಟ. ರೈಲಾದರೂ ಒಂದಲ್ಲ ಒಂದು ಹೊತ್ತಿಗೆ ಹೊರಟು ಹೋಗುತ್ತದೆ, ಜನ ಹಾಗಲ್ಲ. ಒಂಬತ್ತು ವರ್ಷಕ್ಕೂ ಮೇಲೆ ನಾನು ಇಂಥ ಸ್ಟೇಷನ್ನಿಗೆ ಮಾಸ್ತರನಾಗಿದ್ದೆ. ಏನೂ ನಡೆಯದ ಜಾಗದಲ್ಲಿ ಎಷ್ಟೆಲ್ಲ ನಡೆಯುತ್ತದೆ ಎಂಬುದು ಅಲ್ಲಿದ್ದವನಿಗೇ ಗೊತ್ತು.

೧. ಅಣ್ಣತಮ್ಮಂದಿರ ಕೇಸು

ತರೀಕೆರೆ ಕಡೆಯಿಂದ ಅಜ್ಜಂಪುರದ ಕಡೆಗೆ ಮರಮುಟ್ಟು ಸಾಗಿಸಲು ಹಿಂದಿನವರು ಒಂದು ಪುಟ್ಟ ರೈಲುದಾರಿ ಹಾಕಿದ್ದರು. ನಮ್ಮೂರ ಹತ್ತಿರ ದಾರಿಗೆ ಒಂದು ದಿಬ್ಬ ಅಡ್ಡ ಬಂತು. ದಿಬ್ಬದ ಮೇಲಿನ ಜಮೀನು ಇಬ್ಬರು ಅಣ್ಣತಮ್ಮಂದಿರ ಕೇಸಿನಲ್ಲಿತ್ತು. ಖಾತೆ ಯಾರ ಹೆಸರಿಗೆ ಎಂದು ಕೋರ್ಟು ಹೇಳುವ ತನಕ ಅಲ್ಲಿ ಹುಲ್ಲುಕಡ್ಡಿಯನ್ನೂ ಅಲುಗಿಸುವ ಹಾಗಿಲ್ಲ. ಇಂಜಿನಿಯರು ಅಣ್ಣನ ಕಾಲು ಹಿಡಿದ, ತಮ್ಮನ ಕಾಲು ಹಿಡಿದ, ಕೊನೆಗೆ ಇಬ್ಬರ ಕಾಲ ಕೆಳಗಿನಿಂದಲೇ ಸುರಂಗ ತೋಡಿದ. ಸುರಂಗದೊಳಗೇ ಪ್ಲಾಟ್‌ಫಾರಂ, ಅಲ್ಲೇ ಮಾಸ್ತರ ಕೋಣೆ. ಮೇಲಿನಿಂದ ಇಳಿಯಲು ನಲವತ್ತೆರಡು ಕಲ್ಲು ಮೆಟ್ಟಿಲು.

ನಾನು ಮೊದಲು ಕಡೂರಿನಲ್ಲಿ ಗೂಡ್ಸ್ ಗುಮಾಸ್ತ. ಒಮ್ಮೆ ತನಿಖೆಗೆ ಬಂದ ದೊಡ್ಡವರೊಬ್ಬರು ಕೆಲಸ ಹೇಗೆ ನಡೆಯುತ್ತಿದೆ ಎಂದು ಕೇಳಿದರು. ತಾವು ಬರುವವರೆಗೆ ಚೆನ್ನಾಗಿ ನಡೆಯುತ್ತಿತ್ತು ಎಂದೆ. ಹದಿನೈದು ದಿನದಲ್ಲಿ ನನಗೆ ಬಡ್ತಿ ಕೊಟ್ಟು ಈ ನೆಲದಡಿಯ ಸ್ಟೇಷನ್ನಿಗೆ ಹಾಕಿದರು. ನಾನು ಬಂದ ಆರು ತಿಂಗಳಿಗೆ ಆ ದಾರಿಯ ರೈಲನ್ನೇ ನಿಲ್ಲಿಸಿದರು. ರೈಲು ನಿಲ್ಲಿಸುವ ಆರ್ಡರು ಬಂತು, ಸ್ಟೇಷನ್ ಮುಚ್ಚುವ ಆರ್ಡರು ಬರಲಿಲ್ಲ. ಸಂಬಳ ಮಾತ್ರ ಬರುತ್ತಿತ್ತು.

ನಾನೂ ಕೇಳಲು ಹೋಗಲಿಲ್ಲ. ಒಂದು ಸಲ ಬಾಯಿಬಿಟ್ಟು ಬುದ್ಧಿ ಬಂದಿತ್ತು. ಹೀಗೊಬ್ಬ ಇದ್ದಾನೆಂದು ಮೇಲಿನವರಿಗೆ ನೆನಪಾದರೆ ಮರುದಿನವೇ ಗುಂತಕಲ್ಲಿನ ಬಿಸಿಲಿಗೆ ವರ್ಗ. ಹೆಂಡತಿಗೆ ಇಲ್ಲಿನ ಕ್ವಾರ್ಟರ್ಸು, ಹಿತ್ತಲ ಬಾವಿ ಒಗ್ಗಿಹೋಗಿದ್ದವು. ಬರಬರುತ್ತ ಇದ್ದೊಬ್ಬ ಮಗಳೂ ಮದುವೆಗೆ ಬಂದಳು, ಅಜ್ಜಂಪುರದಲ್ಲಿ ಗಂಡು ನೋಡುತ್ತಿದ್ದೆವು. ಬೇರೆ ನೌಕರರು ಮೇಲಿನವರ ಕಣ್ಣಿಗೆ ಬೀಳಲು ಒದ್ದಾಡುತ್ತಾರೆ. ಬೀಳದೆ ಇರಲು ನೆಲದೊಳಗೆ ಹೋಗಿ ಕೂತವನು ಇಡೀ ಇಲಾಖೆಯಲ್ಲಿ ನಾನೊಬ್ಬನೇ.

೨. ಕಿಟಕಿ

ಹೆಬ್ಬೆಯ ಜಲಪಾತ ನೋಡಲು ಹೊರಟವರೆಲ್ಲ ದಾರಿಯಲ್ಲಿ ನಮ್ಮ ಸ್ಟೇಷನ್ನನ್ನೂ ನೋಡಿಕೊಂಡು ಹೋಗುವುದು ವಾಡಿಕೆಯಾಯಿತು. ನಾನು ಲಾಟೀನು ಹಿಡಿದು ಮುಂದೆ ಮುಂದೆ, ಅವರು ಹಿಂದೆ ಹಿಂದೆ. ಇದು ಟಿಕೆಟ್ ಕೊಡುವ ಕಂಡಿ, ಇದು ಬೆಂಚು, ಇದು ಕತ್ತಲೆ ಎಂದು ತೋರಿಸುತ್ತಿದ್ದೆ. ಹೆಚ್ಚಿನವರು ನೋಡಿ ಮುಗಿಸಿ, ಮುಂದಿನ ರೈಲು ಎಷ್ಟು ಹೊತ್ತಿಗೆ ಎಂದು ಕೇಳುತ್ತಿದ್ದರು.

ಒಮ್ಮೆ ಗ್ರಾಮಾಭಿವೃದ್ಧಿಯ ಅಧಿಕಾರಿಯೊಬ್ಬರು ಬಂದರು. ಆಗ ದೇಶದಲ್ಲೆಲ್ಲ ಅಭಿವೃದ್ಧಿ ನಡೆಯುತ್ತಿದ್ದ ಕಾಲ, ಸಿಕ್ಕಿದ್ದನ್ನೆಲ್ಲ ಅಭಿವೃದ್ಧಿ ಮಾಡುತ್ತಿದ್ದರು. ನನ್ನ ಕೋಣೆಯ ನಾಲ್ಕೂ ಗೋಡೆ ನೋಡಿ, ಇಲ್ಲಿ ಕಿಟಕಿ ಯಾಕಿಲ್ಲ ಎಂದರು.

"ಆ ಕಡೆ ದಿಬ್ಬ ಇದೆ ಸ್ವಾಮಿ, ಬರೀ ಬಂಡೆ," ಎಂದೆ.

"ಅದು ಆ ಕಡೆಯ ವಿಚಾರ. ಈ ಕಡೆ ಮನುಷ್ಯ ಇದ್ದಾನಲ್ಲ, ಅವನಿಗೆ ಗಾಳಿ ಬೆಳಕು ಬೇಡವೇ?" ಎಂದು ಬರೆದುಕೊಂಡು ಹೋದರು.

ಮೂರು ತಿಂಗಳಿಗೆ ಗಾಡಿಯ ಮೇಲೆ ಕಿಟಕಿ ಬಂತು. ತೇಗದ ಚೌಕಟ್ಟು, ಕಬ್ಬಿಣದ ಸರಳು, ಎರಡು ಬಾಗಿಲು, ಹಿತ್ತಾಳೆಯ ಚಿಲಕ. ಜೊತೆಗೆ ಬಂದ ಗಾರೆಯವನು ಬಂಡೆಯನ್ನು ಮುಟ್ಟಿ ನೋಡಿ, ನನ್ನ ಮುಖ ನೋಡಿ, ಕಿಟಕಿಯನ್ನು ಬಂಡೆಗೆ ಮೆತ್ತಿ ಹೋದ. ಅಂದಿನಿಂದ ಬಂದವರೆಲ್ಲ ಮೊದಲು ತೆರೆಯುತ್ತಿದ್ದದ್ದು ಅದನ್ನೇ. ತೆರೆಯುತ್ತಿದ್ದರು, ಬಂಡೆ ನೋಡುತ್ತಿದ್ದರು, ನಿಧಾನವಾಗಿ ಮುಚ್ಚುತ್ತಿದ್ದರು.

ಕಡೂರಿನ ಹೆಂಗಸೊಬ್ಬರು ಮಾತ್ರ ತೆರೆದವರು ಮುಚ್ಚಲಿಲ್ಲ. ಬಹಳ ಹೊತ್ತು ನೋಡಿ ನನ್ನ ಕಡೆ ತಿರುಗಿ ಮರುಗಿದರು. "ಇದೇನು ಅನ್ಯಾಯ ಕಣ್ರೀ, ಪಕ್ಕದೋರು ನಿಮ್ ಕಿಟಕಿಗೆ ಅಡ್ಡಲಾಗಿ ಗೋಡೆ ಎಬ್ಬಿಸ್ಬಿಟ್ಟವ್ರೆ. ನೀವು ಸುಮ್ನೆ ಕೂತಿದೀರಲ್ಲ, ಒಂದು ಕೇಸು ಹಾಕ್ಬಾರ್ದಾ?"

೩. ಅಳುವುದಕ್ಕೊಂದು ಜಾಗ

ರೈಲು ಹೋಗಿ ಬಸ್ಸು ಬಂತಲ್ಲ, ಅದರಿಂದ ಊರಿಗೆ ಎಲ್ಲ ಅನುಕೂಲವೂ ಆಯಿತು, ಒಂದನ್ನು ಬಿಟ್ಟು. ಮದುವೆಯಾದ ಹುಡುಗಿಯನ್ನು ಗಂಡನ ಮನೆಗೆ ಕಳಿಸುವಾಗ ಸರಿಯಾಗಿ ಅಳುವುದಕ್ಕೆ ಆಗುತ್ತಿರಲಿಲ್ಲ.

ರೈಲಿನ ಕಾಲದಲ್ಲಿ ಮಡಿಲಕ್ಕಿ ಕಟ್ಟಿಕೊಂಡ ಹುಡುಗಿಯೊಂದಿಗೆ ಮನೆಮಂದಿಯೆಲ್ಲ ಪ್ಲಾಟ್‌ಫಾರಮ್ಮಿಗೆ ಇಳಿಯುತ್ತಿದ್ದರು. ಮೊದಲನೇ ಗಂಟೆಗೆ ಅಳು ಶುರು, ಎರಡನೇ ಗಂಟೆಗೆ ಕಣ್ಣೊರೆಸಿಕೊಳ್ಳುವುದು. ಮಧ್ಯೆ ಅರ್ಧ ಗಂಟೆ. ತಾಯಿ, ಅಜ್ಜಿ, ಅತ್ತಿಗೆ, ಚಿಕ್ಕಮ್ಮ ಎಲ್ಲರಿಗೂ ಸರದಿ ಸಿಗುತ್ತಿತ್ತು. ಬಸ್ಸಿನಲ್ಲಿ ಏನಿದೆ? ತಾಯಿ ಬಾಯಿ ತೆರೆಯುವಷ್ಟರಲ್ಲಿ ಕಂಡಕ್ಟರು ಸೀಟಿ ಊದುತ್ತಿದ್ದ. ಹುಡುಗಿ ಕಿಟಕಿಯೊಳಗೆ ಅಳುತ್ತಾ, ತಾಯಿ ಧೂಳಿನೊಳಗೆ ಅಳುತ್ತಾ, ಒಬ್ಬರದು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ.

ನಮ್ಮೂರಿನವರು ಇದಕ್ಕೊಂದು ದಾರಿ ಕಂಡುಕೊಂಡರು. ಬಸ್ಸಿಗೆ ಒಂದು ಗಂಟೆ ಮೊದಲೇ ಬೀಗರ ಸಮೇತ ಸ್ಟೇಷನ್ನಿಗೆ ಇಳಿಯುವುದು, ಪೂರ್ತಿ ಅತ್ತು ಮುಗಿಸುವುದು, ಆಮೇಲೆ ಮೆಟ್ಟಿಲು ಹತ್ತಿ ಬಸ್ಸು ಹಿಡಿಯುವುದು. ಗಂಟೆ ಬಾರಿಸುವ ಕೆಲಸ ನನ್ನದು. ನಮ್ಮ ಗಂಟೆ ಎಂದರೆ ನೇತುಹಾಕಿದ ಒಂದು ರೈಲು ಕಂಬಿಯ ತುಂಡು, ಬಾರಿಸಲು ಒಂದು ಕಬ್ಬಿಣದ ಸಲಾಕೆ. ಸರ್ಕಾರ ಕೊಟ್ಟ ಕೆಲಸವಿಲ್ಲದ್ದರಿಂದ ಇದನ್ನೇ ಶ್ರದ್ಧೆಯಿಂದ ಮಾಡುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ, ಬಾರದ ರೈಲಿಗೆ ಮೂಟೆ ಕಟ್ಟಿಕೊಂಡು ಬಂದು ಅಳುವ ಇಂಥ ಜನ ಭೂಮಿಯ ಮೇಲೆ ಎಲ್ಲೂ ಇಲ್ಲ ಎಂದುಕೊಳ್ಳುತ್ತಿದ್ದೆ. ಇವರೂ ಭೂಮಿಯ ಮೇಲೆ ಇರಲಿಲ್ಲ ಬಿಡಿ.

ಒಂದು ದಿನ ಮೊದಲನೇ ಗಂಟೆ ಬಾರಿಸಿ ಊಟಕ್ಕೆಂದು ಮನೆಗೆ ಹೋದವನು ಹಾಗೇ ಮಲಗಿಬಿಟ್ಟೆ. ಎಚ್ಚರವಾಗಿ ಓಡಿಬಂದು ನೋಡಿದರೆ ಎರಡು ಬಸ್ಸು ಹೋಗಿದ್ದವು, ಕೆಳಗೆ ಅಳು ಇನ್ನೂ ನಡೆದೇ ಇತ್ತು. ಹುಡುಗಿಯ ಕಡೆಯವರ ದನಿ ಬತ್ತಿ, ಬೇರೆ ದಾರಿ ಕಾಣದೆ ಗಂಡಿನ ಕಡೆಯವರೂ ಕೈಜೋಡಿಸಿದ್ದರು. ಮದುಮಗ ಬೆಂಚಿನ ಮೇಲೆ ನಿದ್ದೆ ಹೋಗಿದ್ದ. ಹುಡುಗಿಯ ಅಜ್ಜಿ ನನ್ನನ್ನು ನೋಡಿ ಬೈಯುತ್ತಾಳೆಂದುಕೊಂಡೆ. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೇಳಿದಳು: "ನಿನ್ ಹೊಟ್ಟೆ ತಣ್ಣಗಿರ್ಲಿ ಕಣಪ್ಪಾ. ನಮ್ ವಂಶದಾಗೆ ಯಾರ್ಗೂ ಇಷ್ಟು ಹೊತ್ತು ಅತ್ತು ಕಳ್ಸಿರ್ನಿಲ್ಲ."

೪. ದೂರು ಪುಸ್ತಕ

ಬೇಸಿಗೆಯಲ್ಲಿ ತರೀಕೆರೆಯ ಒಬ್ಬ ತೆಂಗಿನಕಾಯಿ ಸಾಹುಕಾರರು ನಮ್ಮೂರಿಗೆ ವ್ಯಾಪಾರಕ್ಕೆ ಬಂದಾಗಲೆಲ್ಲ ಮಧ್ಯಾಹ್ನದ ನಿದ್ದೆಗೆ ನಮ್ಮ ಬೆಂಚಿಗೆ ಬರುತ್ತಿದ್ದರು. ಸುರಂಗ ಎಂದರೆ ಮಣ್ಣಿನ ಗಡಿಗೆಯ ಹಾಗೆ ತಂಪು. ದಿಂಬು ಕೂಡ ಮನೆಯಿಂದಲೇ ತರುತ್ತಿದ್ದರು. ನಾನು ಬೇಡ ಎನ್ನಲಿಲ್ಲ. ಮಾತಿಗೆ ಒಂದು ಜನ ಆಯಿತು, ಮಲಗಿದ್ದರೂ ಪರವಾಗಿಲ್ಲ.

ಒಮ್ಮೆ ಅವರಿಗೆ ದೂರು ಪುಸ್ತಕ ತೋರಿಸಿದೆ. ಹಿಂದೆಲ್ಲ ಪ್ರಯಾಣಿಕರು ಇದರಲ್ಲಿ ದೂರು ಬರೆಯುತ್ತಿದ್ದರು, ಒಂದು ಹಾಳೆ ಇಲ್ಲಿ, ಇನ್ನೊಂದು ಮೇಲಿನ ಆಫೀಸಿಗೆ, ಈಗ ಪಾಪ ಬರೆಯುವವರೇ ಇಲ್ಲ ಎಂದೆ. ನನ್ನ ಬಾಯಿಗೆ ಕಡೂರಿನಲ್ಲಿ ಬಂದ ಬುದ್ಧಿ ಅಷ್ಟರಲ್ಲಿ ಸವೆದುಹೋಗಿತ್ತು. ನಾನು ನೀರು ಕುಡಿದು ಬರುವುದರೊಳಗೆ ಸಾಹುಕಾರರು ಒಂದು ದೂರು ಬರೆದು, ಆಫೀಸಿನ ಹಾಳೆ ಹರಿದುಕೊಂಡು, ಹೋಗುವಾಗ ತಾವೇ ಟಪಾಲಿಗೂ ಹಾಕಿಬಿಟ್ಟಿದ್ದರು. ಉಪಕಾರ ಮಾಡಿದೆನೆಂದೇ ಅವರ ಭಾವನೆ.

ಇಪ್ಪತ್ತು ದಿನಕ್ಕೆ ಮೇಲಿನಿಂದ ಕಾಗದ ಬಂತು. ಒಂದು: ಪ್ರಯಾಣಿಕರು ನಿದ್ರಿಸುವಾಗ ಮಾಸ್ತರು ಪದೇ ಪದೇ ಕೆಮ್ಮುತ್ತಾರೆಂದು ದೂರು ಬಂದಿದೆ, ಸಮಜಾಯಿಷಿ ಕೊಡತಕ್ಕದ್ದು. ಎರಡು: ಇಂಥದೊಂದು ಸ್ಟೇಷನ್ ಇರುವುದೇ ಈ ಆಫೀಸಿಗೆ ತಿಳಿದಿರಲಿಲ್ಲ. ಅದನ್ನೂ ಮಾಸ್ತರ ಹುದ್ದೆಯನ್ನೂ ಇಟ್ಟುಕೊಳ್ಳಬೇಕೇ ತೆಗೆಯಬೇಕೇ ಎಂದು ನೋಡಲು ಅಧಿಕಾರಿಯೊಬ್ಬರು ಬರುತ್ತಾರೆ.

ಒಂಬತ್ತು ವರ್ಷ ಒಂದು ರೈಲನ್ನೂ ಓಡಿಸದೆ ಇದ್ದೆ, ಯಾರೂ ಏನೂ ಅನ್ನಲಿಲ್ಲ. ಕೆಮ್ಮಿದೆ, ಸಿಕ್ಕಿಬಿದ್ದೆ.

೫. ತನಿಖೆ

ಅಧಿಕಾರಿ ಗುರುವಾರ ಬರುತ್ತೇನೆಂದಿದ್ದರು. ಆ ಸೋಮವಾರ ನನ್ನ ಮಗಳನ್ನು ಅಜ್ಜಂಪುರದ ಗಂಡನ ಮನೆಗೆ ಕಳಿಸುವುದಿತ್ತು. ಬೀಗರು ಹಿಂದಿನ ದಿನವೇ ಬಂದಿದ್ದರು. ನಾವು ಈ ಹುಚ್ಚಾಟ ಮಾಡುವುದು ಬೇಡ, ನೇರ ಬಸ್ಸಿಗೆ ಹತ್ತಿಸೋಣ ಎಂದು ಹೆಂಡತಿಗೆ ಹೇಳಿದೆ.

"ಬಸ್ಸಿಗೆ ದಬ್ಬಿ ಕಳ್ಸೋಕೆ ಅವಳೇನು ತೆಂಗಿನಕಾಯಿ ಮೂಟೇನಾ?" ಎಂದಳು. "ಊರ್ನೋರಿಗೆಲ್ಲ ಗಂಟೆ ಹೊಡೆದ್ರಿ, ನಿಮ್ ಮಗಳಿಗೆ ಕೈ ಬರಾಕಿಲ್ವಾ?"

ಸರಿ, ಎಲ್ಲರೂ ಇಳಿದೆವು. ನಾನು ಕೋಟು ಟೋಪಿ ಹಾಕಿಕೊಂಡು ಮೊದಲನೇ ಗಂಟೆ ಬಾರಿಸಿದೆ. ನಲವತ್ತು ಜನ, ಮೂರು ಟ್ರಂಕು, ಒಂದು ಚಾಪೆ ಸುರುಳಿ, ಎರಡು ಲಾಟೀನು. ಅಳು ಒಳ್ಳೆ ಹದಕ್ಕೆ ಬಂದಿತ್ತು. ಆಗ ಮೆಟ್ಟಿಲ ಮೇಲೆ ಟಾರ್ಚಿನ ಬೆಳಕು ಕಾಣಿಸಿತು. ರೈಲಿನ ಇಲಾಖೆಯವರು ಹೇಳಿದ ದಿನಕ್ಕೆ ಬರುವುದಿಲ್ಲವೆಂದು ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಅಧಿಕಾರಿ ಸೋಮವಾರವೇ ಬಂದಿದ್ದರು.

ಅವರು ಟಾರ್ಚನ್ನು ಜನರ ಮೇಲೆಲ್ಲ ಆಡಿಸಿ, ಇವರೆಲ್ಲ ಯಾರು ಎಂದರು. ಕೆಲಸ ಹೋಯಿತು ಎಂದುಕೊಂಡೆ. ಬಾಯಿಗೆ ಬೇರೆ ಏನೂ ಬರದೆ, ಪ್ರಯಾಣಿಕರು ಸಾರ್ ಎಂದೆ.

"ಯಾವ ರೈಲಿಗೆ ಕಾಯುತ್ತಿದ್ದಾರೆ?"

ಮೊಮ್ಮಗಳ ಕೈ ಹಿಡಿದು ಬೆಂಚಿನ ಮೇಲೆ ಕೂತಿದ್ದ ನನ್ನ ತಾಯಿ ಉತ್ತರ ಕೊಟ್ಟರು. "ರೈಲು ಬ್ಯಾಡ ಕಣಪ್ಪಾ. ರೈಲು ಬಂದ್ರೆ ಮಗು ಹೊರಟೋಯ್ತದೆ."

ಅಧಿಕಾರಿ ನನ್ನ ಕೋಣೆಗೆ ಹೋಗಿ, ಕಿಟಕಿ ತೆರೆದು, ನೋಡಿ, ನಿಧಾನವಾಗಿ ಮುಚ್ಚಿ ಬಂದರು. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಎರಡನೇ ಗಂಟೆ ಬಾರಿಸಬೇಕು, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಸಲಾಕೆ ಹಿಡಿದು ಕಂಬಿಯ ಮುಂದೆ ನಿಂತೆ. ಕೈ ಮೇಲೇಳಲಿಲ್ಲ. ಈ ಕೈಯಲ್ಲಿ ಊರಿನ ಎಷ್ಟು ಹೆಣ್ಣುಮಕ್ಕಳನ್ನು ಕಳಿಸಿದ್ದೆ, ಮನಸ್ಸಿನಲ್ಲಿ ಎಷ್ಟು ನಕ್ಕಿದ್ದೆ. ಮಗಳು, "ಅಪ್ಪಾ, ಹೊಡೀರಿ," ಎಂದಳು. ಮುಚ್ಚಿಡುವುದೇನು, ಟೋಪಿ ಹಾಕಿಕೊಂಡೇ ಗಳಗಳನೆ ಅತ್ತುಬಿಟ್ಟೆ.

ಅಧಿಕಾರಿ ಹತ್ತಿರ ಬಂದು ನನ್ನ ಕೈಯಿಂದ ಸಲಾಕೆ ತೆಗೆದುಕೊಂಡರು. ತಾವೇ ಎರಡನೇ ಗಂಟೆ ಬಾರಿಸಿ, ಯಾರ ಮುಖವನ್ನೂ ನೋಡದೆ ಮೆಟ್ಟಿಲು ಹತ್ತಿ ಹೊರಟುಹೋದರು. ಹಿಂದೆಯೇ ನಾವೂ ಹತ್ತಿದೆವು. ಮಗಳು ಬಸ್ಸು ಹತ್ತಿದಳು.

ನಾನು ಗುಂತಕಲ್ಲಿಗೆ ಟ್ರಂಕು ಕಟ್ಟಲು ಶುರುಮಾಡಿದ್ದೆ. ಒಂದು ತಿಂಗಳಿಗೆ ಅಧಿಕಾರಿಯ ವರದಿಯ ನಕಲು ಬಂತು. ಆ ಪುಣ್ಯಾತ್ಮ ಪೆದ್ದನೋ, ಅಥವಾ ತನ್ನ ಮಗಳನ್ನೂ ಹೀಗೇ ಎಲ್ಲಿಗೋ ಕಳಿಸಿಕೊಟ್ಟವನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅದರಲ್ಲಿ ಹೀಗೆ ಬರೆದಿತ್ತು:

"ಒಂಬತ್ತು ವರ್ಷದಿಂದ ರೈಲಿಲ್ಲದಿದ್ದರೂ ಈ ಸ್ಟೇಷನ್ನಿನಲ್ಲಿ ಪ್ರಯಾಣಿಕರ ದಟ್ಟಣೆ ಹೆಚ್ಚಾಗಿದೆ. ರೈಲು ಬಾರದ ಬಗ್ಗೆ ಅವರಿಂದ ಒಂದು ದೂರೂ ಇಲ್ಲ, ಬರುವುದೇ ಬೇಡ ಎನ್ನುತ್ತಾರೆ. ಆದ್ದರಿಂದ ಇಲ್ಲಿಗೆ ರೈಲಿನ ಅಗತ್ಯ ಇರುವುದಿಲ್ಲ, ಮಾಸ್ತರ ಅಗತ್ಯ ಇರುತ್ತದೆ. ಕೆಲಸದ ಹೊರೆ ತಾಳಲಾರದೆ ಮಾಸ್ತರು ಕಣ್ಣೀರಿಡುವುದನ್ನು ನಾನೇ ಕಂಡಿದ್ದೇನೆ. ಅವರಿಗೆ ಕೂಡಲೇ ಒಬ್ಬ ಸಹಾಯಕ ಮಾಸ್ತರನ್ನು ಕೊಡತಕ್ಕದ್ದು."

ಸಹಾಯಕ ಮಾಸ್ತರು ಬಂದರು. ಪೆಟ್ಟಿಗೆ ಕೆಳಗಿಟ್ಟವರೇ ಕೋಣೆ ತುಂಬ ಕತ್ತಲೆ ಎಂದು ಹೋಗಿ ಕಿಟಕಿ ತೆರೆದರು.